ಎದರ ಮ್ಯಾಲ ಬರದಾರ?

ಅಣ್ಣಿಗೇರಿ, ಕುಂದಗೋಳದ ಕಡೆ ಶಾಸನಗಳ ಪಡಿಯಚ್ಚು, ಅಂದರೆ ಕಾಗದದ ಮೇಲಿನ ಅಚ್ಚು, ತೆಗೆಯುತ್ತೇನೆ. ಭಾನುವಾರ ಸಭೆಯಲ್ಲಿ ಸುವಾರ್ತೆಯ ಪಾಠ ಹೇಳುತ್ತೇನೆ. ಈ ಎರಡು ಕೆಲಸಗಳನ್ನು ನನ್ನೊಳಗೆ ಕೂಡಿಸಿದ್ದು ಹೊಸ ಒಡಂಬಡಿಕೆಯ ಒಂದು ಗ್ರೀಕ್ ಪದ: ‘ಎಪಿಗ್ರಫೆ’. ‘ಎಪಿ’ ಅಂದರೆ ಮೇಲೆ, ‘ಗ್ರಫೊ’ ಅಂದರೆ ಗೀರು, ಬರೆ. ನಮ್ಮ ಮಾತಿನಲ್ಲಿ ಮೇಲ್ಬರಹ. ಅದು ಕಲಿಸಿದ ಪಾಠಗಳಿವು.

1. ಮೊದಲು ಕಲ್ಲು, ಆಮೇಲೆ ಅಕ್ಷರ
ಕಲ್ಲು ತೊಳೆಯುವಾಗ ಹುಡುಗರು, “ಸರ್ರ, ಏನ್ ಬರದಾರ್ರೀ?” ಎನ್ನುತ್ತಾರೆ. “ಎದರ ಮ್ಯಾಲ ಬರದಾರ, ಮೊದಲ ಅದನ್ನ ನೋಡ್ರಪಾ” ಎನ್ನುತ್ತೇನೆ. ಅಣ್ಣಿಗೇರಿಯ ಬನಶಂಕರಿ ಗುಡಿಯ ಮುಂದಿನ ಕಂಬದಲ್ಲಿ ಕ್ರಿ.ಶ. 751ರ ಬರಹವಿದೆ. ಅದರಲ್ಲಿರುವುದು ದೇವಿಯ ಗುಡಿಯ ಸಂಗತಿಯಲ್ಲ. ಕಲಿಯಮ್ಮ ಎಂಬ ಗಾಮುಂಡ, ಅಂದರೆ ಊರಗೌಡ, ಜಿನಾಲಯ ಕಟ್ಟಿಸಿದ ಸಂಗತಿ. ಕಂಬ ಬೇರೆ, ಗುಡಿ ಬೇರೆ ಎಂದು ನೋಡದೆ ಓದಿದರೆ ಒಬ್ಬರ ಪುಣ್ಯ ಇನ್ನೊಬ್ಬರ ಲೆಕ್ಕಕ್ಕೆ ಬೀಳುತ್ತದೆ.

2. ಅವಸರದಲ್ಲಿ ‘ಶಾಸನ’ ಎನ್ನಬಾರದು
ಶಾಸನದ ಮೂಲಾರ್ಥ ಆಜ್ಞೆ. ಎಪಿಗ್ರಫೆಯಲ್ಲಿ ಆ ಅರ್ಥವಿಲ್ಲ. ಸುವಾರ್ತೆಗಳಲ್ಲಿ ಈ ನಾಮಪದ 5 ಸಲ ಬರುತ್ತದೆ: 3 ಸಲ ರೋಮಿನ ಚಕ್ರವರ್ತಿ ಕೈಸರನ ನಾಣ್ಯದ ಬರಹಕ್ಕೆ, 2 ಸಲ ಶಿಲುಬೆಯ ಮೇಲಿನ ಬರಹಕ್ಕೆ. ಒಂದೂ ಕಲ್ಲಿನದಲ್ಲ.

3. ಯಾರದೆಂದು ಕೇಳಬೇಕು
ಕೈಸರನಿಗೆ ತೆರಿಗೆ ಕೊಡಬೇಕೇ ಎಂಬ ಪ್ರಶ್ನೆ ತಂದವರಿಗೆ ಯೇಸು, ನಾಣ್ಯದ ಮೇಲಿನ ಮುಖ ಯಾರದು, ಬರಹ ಯಾರದು ಎಂದು ಕೇಳಿದನು. ನಮ್ಮ ದತ್ತಿಕಲ್ಲುಗಳಲ್ಲೂ ಕೊಟ್ಟವರ ಹೆಸರು, ಹೊಲದ ಅಳತೆಯಾದ ಮತ್ತರು, ಎಲ್ಲೆ ಇರುತ್ತವೆ. ಯಾರದೆಂದು ತಿಳಿದರೆ ಯಾರಿಗೆ ಸಲ್ಲಿಸಬೇಕೆಂದೂ ತಿಳಿಯುತ್ತದೆ.

4. ಪ್ರತಿಗಳನ್ನು ಪಕ್ಕಪಕ್ಕ ಇಡಬೇಕು
ಸವೆದ ಸಾಲಿಗೆ ಎರಡು ಮೂರು ಅಚ್ಚು ತೆಗೆದು, ಎಲ್ಲದರಲ್ಲೂ ಮೂಡಿದ ಅಕ್ಷರವನ್ನೇ ಮೊದಲು ನಂಬುತ್ತೇನೆ. ಶಿಲುಬೆಯ ಬರಹವನ್ನು ನಾಲ್ಕು ಸುವಾರ್ತೆಗಳು ನಾಲ್ಕು ಬಗೆಯಾಗಿ ಕೊಡುತ್ತವೆ. ಯೋಹಾನನಂತೂ ಲ್ಯಾಟಿನ್ ಮೂಲದ ‘ತಿತ್ಲೊಸ್’ ಎಂಬ ಬೇರೆ ಪದವನ್ನೇ ಬಳಸಿ, ಅದು ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಇತ್ತು ಎನ್ನುತ್ತಾನೆ. ಆದರೆ ‘ಯೆಹೂದ್ಯರ ಅರಸ’ ಎಂಬುದು ನಾಲ್ಕರಲ್ಲೂ ಇದೆ. ಅಲ್ಲಿಂದಲೇ ಓದು ಶುರುವಾಗಬೇಕು.

5. ಒದ್ದೆ ಕಾಗದವೇ ಅಕ್ಷರ ಹಿಡಿಯುತ್ತದೆ
ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ, ದೇವರು ತನ್ನ ಆಜ್ಞೆಗಳನ್ನು ಜನರ ಹೃದಯದ ಮೇಲೆ ಬರೆಯುತ್ತಾನೆ ಎಂಬಲ್ಲಿ ಇದೇ ಪದದ ಕ್ರಿಯಾರೂಪವಿದೆ. ಕನ್ನಡದಲ್ಲಿ ‘ಬರೆ’ ಎಂದರೆ ಬರೆಯುವುದೂ ಹೌದು, ಮೈಮೇಲಿನ ಸುಟ್ಟ ಗುರುತೂ ಹೌದು. ಪತ್ರಿಕೆಯ ಆ ಮಾತಿಗೆ ಎರಡೂ ಅರ್ಥ ಬೇಕೆಂದು ನಾನು ನಂಬಿದ್ದೇನೆ. ಪಡಿಯಚ್ಚಿನ ಕಾಗದ ನೀರಲ್ಲಿ ನೆನೆದು, ಬ್ರಷ್ಷಿನ ಪೆಟ್ಟು ತಿಂದು, ಕಲ್ಲಿನ ಗೀರಿನೊಳಗೆ ಇಳಿದ ಮೇಲೆಯೇ ಮಸಿಗೆ ಅಕ್ಷರ ಕೊಡುತ್ತದೆ. ಪಾಠ ಹೇಳಲು ಹೋಗುವ ಮೊದಲು ಅದನ್ನು ನೆನೆಯುತ್ತೇನೆ.