ಹದಿಮೂರನೇ ತಿಂಗಳ ಶುಲ್ಕ

ಸೌದಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವ ನಮ್ಮಂಥವರಿಗೆ 2017ರ ಜುಲೈ ಮರೆಯುವಂಥದ್ದಲ್ಲ. ಅವಲಂಬಿತರಿಗೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾದದ್ದು ಆಗಲೇ. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400ಕ್ಕೆ ಬಂದು ನಿಂತಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ತಿಂಗಳಿಗೆ 1,200, ವರ್ಷಕ್ಕೆ 14,400. ಇದನ್ನು ತಾಳಲಾರದೆ ಎಷ್ಟೋ ಗೆಳೆಯರು ಸಂಸಾರವನ್ನು ಊರಿಗೆ ಕಳಿಸಿ ಬ್ಯಾಚುಲರ್ ರೂಮು ಸೇರಿದರು.

ಇಷ್ಟು ಕೊಟ್ಟು ಉಳಿದವರು ಮಾಡುವುದೇನು? ಜಿದ್ದಾದ ಫ್ಲ್ಯಾಟು, ಎ.ಸಿ., ಶುಕ್ರವಾರ ಒಂದು ಮಾಲ್. ಬೆಟ್ಟದ ಕಡೆ ಹೋಗೋಣವೆಂದರೆ ರಿಯಾಲನ್ನು ರೂಪಾಯಿಗೆ ಗುಣಿಸುವ ಚಾಳಿ ಅಡ್ಡ ಬರುತ್ತದೆ. ಗುಣಿಸುತ್ತ ಕೂತರೆ ಇಲ್ಲಿ ಒಂದು ಲೋಟ ಚಹಾವೂ ಗಂಟಲಲ್ಲಿ ಇಳಿಯದು. ರಿಯಾಲಿನ ಖರ್ಚನ್ನು ರಿಯಾಲಿನಲ್ಲೇ ನೋಡೋಣ.

ಜಿದ್ದಾದಿಂದ ತಾಯಿಫ್, ಅಲ್ಲಿಂದ ಸರವಾತ್ ಬೆಟ್ಟಸಾಲಿನ ಮೇಲೆ 15ನೇ ಹೆದ್ದಾರಿಯಲ್ಲಿ ಅಲ್ ಬಾಹಾ, ಅಬಹಾ. ಘಾಟಿ ಇಳಿದು ಕಡಲ ಬದಿಯ ದಾರಿಯಲ್ಲಿ ವಾಪಸ್. ಮುಸ್ಲಿಮೇತರರು ಹಿಡಿಯಬೇಕಾದ ಮೆಕ್ಕಾ ಹೊರಗಿನ ಬಳಸುದಾರಿ, ಅಲ್ಲಲ್ಲಿನ ಸುತ್ತಾಟ ಸೇರಿ 1,500 ಕಿ.ಮೀ. ಎಂದುಕೊಳ್ಳಿ. ಲೀಟರಿಗೆ 12 ಕಿ.ಮೀ. ಕೊಡುವ ಕಾರಿಗೆ 125 ಲೀಟರ್ ಬೇಕು. 91 ಪೆಟ್ರೋಲ್ 2021ರಿಂದ 2.18 ರಿಯಾಲಿನಲ್ಲೇ ಇದೆ. ಮೊತ್ತ ಸುಮಾರು 273. ಒಬ್ಬರ ಒಂದು ತಿಂಗಳ ಶುಲ್ಕಕ್ಕಿಂತ ಕಡಿಮೆ. ಟೋಲ್ ಇಲ್ಲ.

ಜೇಬಿಗೆ ಕತ್ತರಿ ಹಾಕುವುದು ತಂಗುವ ಜಾಗದ ಬಾಡಿಗೆ. ಬೇಸಿಗೆಯಲ್ಲಿ ಸೆಕೆ ತಾಳಲಾರದೆ ಅರ್ಧ ದೇಶವೇ ಅಬಹಾ ಹತ್ತುತ್ತದೆ, ಆಗ ಹೇಳಿದ್ದೇ ರೇಟು. ನಾವು ಹೊರಡುವುದು ಡಿಸೆಂಬರ್ ಕೊನೆಯ ಶಾಲಾ ರಜೆಗೆ. ಚಳಿ, ಮಂಜು ಉಂಟು. ಚೌಕಾಸಿಗೂ ಜಾಗ ಉಂಟು. ಅಡುಗೆಮನೆ ಇರುವ ಫ್ಲ್ಯಾಟನ್ನೇ ಹಿಡಿಯುತ್ತೇವೆ. ಡಿಕ್ಕಿಯಲ್ಲಿ ಕುಕ್ಕರ್, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ. ಮೂರು ರಾತ್ರಿಗೆ 600ರೊಳಗೆ ಬಾಡಿಗೆ, ಊಟ ತಿಂಡಿಗೆ ಮುನ್ನೂರು ಚಿಲ್ಲರೆ.

ಇಷ್ಟಕ್ಕೆ ಸಿಗುವುದೇನು? ಅಲ್ ಹದಾ ಘಾಟಿಯ ತಿರುವಿನಲ್ಲಿ ಬಬೂನ್‌ಗಳು ತಡೆಗೋಡೆಯ ಮೇಲೆ ಸಾಲಾಗಿ ಕೂತು, ಮರಿಗಳನ್ನು ಬೆನ್ನಿಗೇರಿಸಿಕೊಂಡು, ಆಗುಂಬೆಯ ಮಂಗಗಳ ಹಾಗೆ ಕಾರಿನೊಳಗೆ ಇಣುಕುತ್ತವೆ. ಅಲ್ ಬಾಹಾದಿಂದ ಸುರಂಗಗಳ ದಾರಿಯಲ್ಲಿ ಇಳಿದರೆ ಗುಡ್ಡದ ಮೇಲೆ ದೀ ಐನ್ ಎಂಬ ಹಳೆಯ ಕಲ್ಲಿನ ಊರು. ಬುಡದಲ್ಲಿ ಒರತೆ ನೀರಿಗೆ ಬೆಳೆದ ಬಾಳೆತೋಟ, ಕಾಮಕಸ್ತೂರಿಯ ಪರಿಮಳ. ಮರುಭೂಮಿ ಎಂದರೆ ಬರೀ ಮರಳು ಎಂದುಕೊಂಡಿದ್ದ ಮಗಳು ಬಾಳೆಗೊನೆ ಮುಟ್ಟಿ ನೋಡಿದಳು.

ಒಂದು ಕಡೆ ಮಾತ್ರ ಕೈ ಬಿಗಿ ಬೇಡ. ಹೊರಡುವ ಮುಂಚೆ ಬ್ರೇಕ್ ಪ್ಯಾಡು, ಟೈರು ನೋಡಿಸಿ. ಅಬಹಾದಿಂದ ದರ್ಬ್ ಕಡೆಗಿನ ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಿರಿ. ಸಪಾಟು ರಸ್ತೆ ಸಿಕ್ಕಿತೆಂದು ಒತ್ತಿದರೆ ವೇಗ ಹಿಡಿಯುವ ಸಾಹೆರ್ ಕ್ಯಾಮೆರಾದ ದಂಡ ಉಳಿಸಿದ್ದನ್ನೆಲ್ಲ ನುಂಗುತ್ತದೆ.

ಎಲ್ಲ ಕೂಡಿಸಿದರೆ ಸುಮಾರು 1,200, ಅಂದರೆ ಮನೆಯವರ ಒಂದು ತಿಂಗಳ ಶುಲ್ಕ. ಇಲ್ಲೇ ಕೂತರೂ ಸುತ್ತಾಡಿದರೂ ಸರ್ಕಾರಕ್ಕೆ ಹನ್ನೆರಡು ತಿಂಗಳದ್ದು ಕಟ್ಟಲೇಬೇಕು. ಪ್ರತಿ ತಿಂಗಳು ಊರಿಗೆ ಹಣ ಕಳಿಸುವ ದಿನ ನೂರು ರಿಯಾಲ್ ಬೇರೆ ಎತ್ತಿಡಿ. ವರ್ಷ ತುಂಬುವಾಗ ಹದಿಮೂರನೇ ತಿಂಗಳದ್ದು ಕೈಯಲ್ಲಿರುತ್ತದೆ. ಅದನ್ನು ಕಟ್ಟುವುದು ನಿಮ್ಮ ಮನೆಯವರಿಗೆ.