ಗಾಳಿಯ ವಿದ್ಯುತ್ತು: ಖರ್ಚಿನ ಲೆಕ್ಕ

ಕಲ್ಲಿದ್ದಲನ್ನು ನೆಲದಿಂದ ಅಗೆದು ತೆಗೆಯಬೇಕು, ರೈಲಿನಲ್ಲಿ ಹೇರಿ ತರಬೇಕು, ಅದಕ್ಕೆ ಹಣ ತೆರಬೇಕು. ಗಾಳಿಯಾದರೋ ಯಾರ ಅಪ್ಪಣೆಯನ್ನೂ ಕಾಯದೆ ತಾನಾಗಿ ಬೀಸುತ್ತದೆ. ಆಷಾಢದಲ್ಲಿ ಗಾಳಿಪಟ ಹಾರಿಸಿದ ಹುಡುಗರು ಯಾರೂ ಗಾಳಿಗಾಗಿ ಕಾಸು ಕೊಟ್ಟವರಲ್ಲ. ಹೀಗಿರುವಲ್ಲಿ ಗಾಳಿಯಿಂದ ಪಡೆದ ವಿದ್ಯುತ್ತೂ ಪುಕ್ಕಟೆಯಾಗಿಯೇ ದೊರೆಯಬೇಕಲ್ಲವೆ? ತರಗತಿಯಲ್ಲಿ ಚಲನಶಕ್ತಿಯ ಪಾಠ ನಡೆದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಿಯೇ ತೀರುತ್ತಾರೆ. ಪ್ರಶ್ನೆ ಬಾಲಿಶವಾದುದಲ್ಲ. ಅದರ ಉತ್ತರವನ್ನು ಹಿಡಿದು ಹೊರಟರೆ, ಕಲ್ಲಿದ್ದಲು ಎಣ್ಣೆಗಳ ಸ್ಥಾನವನ್ನು ಗಾಳಿ ತುಂಬಬಲ್ಲುದೆ ಎಂಬ ದೊಡ್ಡ ಪ್ರಶ್ನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಮೊದಲು ಗಾಳಿಯಲ್ಲಿರುವ ಶಕ್ತಿ ಎಷ್ಟೆಂಬುದನ್ನು ನೋಡೋಣ. ಚಲಿಸುವ ವಸ್ತುವಿನ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದನ್ನು ವಾಚಕರು ಬಲ್ಲರು. ಗಾಳಿಯ ವಿಷಯದಲ್ಲಿ ವೇಗವು ಇನ್ನೊಂದು ಬಾರಿ ಲೆಕ್ಕದೊಳಗೆ ಬರುತ್ತದೆ. ಗಾಳಿ ವೇಗವಾಗಿ ಬೀಸಿದಷ್ಟೂ ಒಂದು ಸೆಕೆಂಡಿನಲ್ಲಿ ಯಂತ್ರದ ಚಕ್ರವನ್ನು ಹಾಯ್ದುಹೋಗುವ ಗಾಳಿಯ ರಾಶಿಯೂ ಹೆಚ್ಚುತ್ತದೆ. ಆದುದರಿಂದ ದೊರೆಯುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣ. ಸೆಕೆಂಡಿಗೆ 6 ಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೂಲಕ ಸುಮಾರು 130 ವ್ಯಾಟ್ ಸಾಮರ್ಥ್ಯವನ್ನು ಹೊತ್ತು ಸಾಗುತ್ತದೆ. ವೇಗ 12 ಮೀಟರಿಗೆ ಏರಿದರೆ ಅದು ಸುಮಾರು 1,040 ವ್ಯಾಟ್ ಆಗುತ್ತದೆ. ವೇಗ ಇಮ್ಮಡಿ, ಸಾಮರ್ಥ್ಯ ಎಂಟು ಮಡಿ. ಇದಷ್ಟನ್ನೂ ನಾವು ಸೆಳೆದುಕೊಳ್ಳುವಂತಿಲ್ಲ. ಎಲ್ಲ ಶಕ್ತಿಯನ್ನೂ ಕಿತ್ತುಕೊಂಡರೆ ಗಾಳಿ ಚಕ್ರದ ಹಿಂದೆಯೇ ನಿಂತುಬಿಟ್ಟು ಹೊಸ ಗಾಳಿಗೆ ದಾರಿ ಕಟ್ಟುತ್ತದೆ. ಜರ್ಮನಿಯ ಭೌತವಿಜ್ಞಾನಿ ಆಲ್ಬರ್ಟ್ ಬೆಟ್ಸ್ ತೋರಿಸಿಕೊಟ್ಟಂತೆ 27ರಲ್ಲಿ 16 ಪಾಲು, ಎಂದರೆ ನೂರಕ್ಕೆ 59ರಷ್ಟು, ಇದರ ಮೇಲ್ಮಿತಿ.

ಈ ಘನನಿಯಮ ಬಂಡವಾಳ ಹೂಡುವವನ ನಿದ್ದೆಗೆಡಿಸುವಂಥದು. ಬೆಟ್ಟದ ಮೇಲಿನ ಗಾಳಿಯ ನಿಜವಾದ ವೇಗ ಅವನ ಅಂದಾಜಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆಯಾಯಿತೆನ್ನಿ. ಗಾಳಿಯ ಸಾಮರ್ಥ್ಯದಲ್ಲಿ ಅವನಿಗೆ ನೂರಕ್ಕೆ 27ರಷ್ಟು ಖೋತಾ ಬೀಳುತ್ತದೆ, ಏಕೆಂದರೆ 0.9ರ ಘನ 0.729. ಸರಾಸರಿ ವೇಗವೊಂದನ್ನೇ ನಂಬುವುದೂ ಸಲ್ಲದು. ಅರ್ಧ ದಿನ 4 ಮೀಟರ್, ಅರ್ಧ ದಿನ 12 ಮೀಟರ್ ವೇಗದಲ್ಲಿ ಬೀಸುವ ಗಾಳಿಗೂ, ದಿನವಿಡೀ 8 ಮೀಟರ್ ವೇಗದಲ್ಲಿ ಬೀಸುವ ಗಾಳಿಗೂ ಸರಾಸರಿ ಒಂದೇ. ಆದರೆ ಘನಗಳ ಸರಾಸರಿ ಮೊದಲನೆಯದರಲ್ಲಿ 896, ಎರಡನೆಯದರಲ್ಲಿ 512. ಆದಕಾರಣವೇ ಯಂತ್ರ ನೆಡುವ ಮೊದಲು ಕಂಬ ನೆಟ್ಟು ಗಾಳಿಯ ವೇಗವನ್ನು ದೀರ್ಘಕಾಲ ಅಳೆಯುತ್ತಾರೆ.

ಸಾವಿರ ಕಿಲೋವ್ಯಾಟನ್ನು ಮೀರಿದ ಮೊಟ್ಟಮೊದಲ ಗಾಳಿಯಂತ್ರ ಅಮೆರಿಕದ ವರ್ಮಾಂಟ್ ಸಂಸ್ಥಾನದ ಗ್ರ್ಯಾಂಡ್‌ಪಾಸ್ ನಾಬ್ ಎಂಬ ಬೆಟ್ಟದ ಮೇಲೆ 1941ರಲ್ಲಿ ತಿರುಗಿತು. ಪಾಮರ್ ಪಟ್ನಮ್ ಎಂಬ ಎಂಜಿನಿಯರು ಅದರ ಕಲ್ಪನೆಗೆ ಕಾರಣರಾದವರು. ಎರಡೇ ರೆಕ್ಕೆ, 53 ಮೀಟರ್ ವ್ಯಾಸ, 1,250 ಕಿಲೋವ್ಯಾಟ್ ಸಾಮರ್ಥ್ಯ. 1943ರಲ್ಲಿ ಅದರ ಬೇರಿಂಗ್ ಕೆಟ್ಟಿತು. ಯುದ್ಧಕಾಲವಾದುದರಿಂದ ಬದಲಿ ಭಾಗಕ್ಕಾಗಿ ಎರಡು ವರ್ಷ ಕಾಯಬೇಕಾಯಿತು. ಮತ್ತೆ ಚಾಲನೆಗೊಂಡ ಕೆಲವೇ ವಾರಗಳಲ್ಲಿ, 1945ರ ಮಾರ್ಚ್ 26ರಂದು, ಒಂದು ರೆಕ್ಕೆ ಕಳಚಿ ಹಾರಿಹೋಯಿತು. ಯಂತ್ರ ತಯಾರಿಸಿದ ಸಂಸ್ಥೆ ಆಗ ಕುಳಿತು ಲೆಕ್ಕ ಹಾಕಿತು. ಇಂಥ ಯಂತ್ರಗಳನ್ನು ಹಲವಾಗಿ ಕಟ್ಟಿದರೂ ಕಿಲೋವ್ಯಾಟಿಗೆ ಸುಮಾರು 190 ಡಾಲರ್ ತಗಲುವುದೆಂದೂ, ಅಲ್ಲಿಯ ವಿದ್ಯುತ್ ಕಂಪೆನಿಗೆ ಅದು ಸುಮಾರು 125 ಡಾಲರಿಗಿಂತ ಹೆಚ್ಚು ಬಾಳದೆಂದೂ ಕಂಡುಬಂದಿತು. ರೆಕ್ಕೆಯನ್ನು ಮತ್ತೆ ಜೋಡಿಸಬಹುದಾಗಿತ್ತು. 65 ಡಾಲರುಗಳ ಆ ಬಿರುಕನ್ನು ಜೋಡಿಸಲಾಗಲಿಲ್ಲ.

ಡೆನ್ಮಾರ್ಕಿನ ಕಥೆಯೂ ಮೊದಮೊದಲು ಹೀಗೆಯೇ ಸಾಗಿತು. ಅಲ್ಲಿ ಪೌಲ್ ಲಾ ಕೂರ್ ಎಂಬ ಅಧ್ಯಾಪಕರು ಆಸ್ಕೋವ್ ಎಂಬ ಹಳ್ಳಿಯ ಶಾಲೆಯಲ್ಲಿ 1891ರಷ್ಟು ಹಿಂದೆಯೇ ಗಾಳಿಯಿಂದ ವಿದ್ಯುತ್ತನ್ನು ಪಡೆದಿದ್ದರು. ಅವರ ಶಿಷ್ಯ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟಿನ ಮೂರು ರೆಕ್ಕೆಯ ಯಂತ್ರವನ್ನು ನಿಲ್ಲಿಸಿದರು. ಅದು ಹತ್ತು ವರ್ಷ ಸದೃಢವಾಗಿ ದುಡಿಯಿತು. ಆದರೂ 1967ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು, ಏಕೆಂದರೆ ಎಣ್ಣೆ ಉರಿಸಿ ಪಡೆಯುವ ವಿದ್ಯುತ್ತು ಅದಕ್ಕಿಂತ ಅಗ್ಗವಾಗಿತ್ತು. ಆರೇ ವರ್ಷಗಳ ಬಳಿಕ, 1973ರ ಕೊನೆಗೆ, ಎಣ್ಣೆಯ ಬೆಲೆ ಕೆಲವು ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಗೆಡ್ಸರಿನ ಗಾಳಿ ಬದಲಾಗಿರಲಿಲ್ಲ, ಯಂತ್ರವೂ ಬದಲಾಗಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಅದನ್ನೇ ಮತ್ತೆ ತಿರುಗಿಸಿ ಅಳತೆಗಳನ್ನು ತೆಗೆದುಕೊಂಡರು. ಇಂದು ಡೆನ್ಮಾರ್ಕಿನಲ್ಲಿ ವರ್ಷವೊಂದಕ್ಕೆ ಬಳಕೆಯಾಗುವ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚು ಪಾಲು ಗಾಳಿಯದು. 'ಆರ್ಥಿಕವಾಗಿ ಸಾಧ್ಯ' ಎಂಬ ಮಾತು, ಭೌತವಿಜ್ಞಾನದ ಸ್ಥಿರಾಂಕಗಳಂತೆ ಎಂದೆಂದಿಗೂ ಒಂದೇ ಬೆಲೆಯುಳ್ಳದ್ದಲ್ಲ.

ಈಗ ನಮ್ಮ ನಾಡಿನ ಯಂತ್ರವೊಂದರ ಲೆಕ್ಕವನ್ನು ನಾವೇ ಮಾಡೋಣ. ಕಾಗದ ಪೆನ್ಸಿಲು ಹತ್ತಿರವಿರಲಿ. ಸಾವಿರ ಕಿಲೋವ್ಯಾಟ್ ಸಾಮರ್ಥ್ಯದ ಗಾಳಿಯಂತ್ರವನ್ನು ನಿಲ್ಲಿಸಲು 7 ಕೋಟಿ ರೂಪಾಯಿ ತಗಲುವುದೆಂದೂ, ಅದರ ಆಯುಸ್ಸು 25 ವರ್ಷವೆಂದೂ, ಹಣವನ್ನು ನೂರಕ್ಕೆ ಹತ್ತರ ಬಡ್ಡಿಗೆ ತಂದಿರುವುದಾಗಿಯೂ ಇಟ್ಟುಕೊಳ್ಳೋಣ. ಅಸಲು ಬಡ್ಡಿಗಳನ್ನು 25 ಸಮಾನ ಕಂತುಗಳಲ್ಲಿ ತೀರಿಸಬೇಕಾದರೆ ವರ್ಷಕ್ಕೆ ಸುಮಾರು 77 ಲಕ್ಷ ರೂಪಾಯಿ ಕಟ್ಟಬೇಕು. ದುರಸ್ತಿ, ಕಾವಲು, ಸಿಬ್ಬಂದಿ ಎಂದು 12 ಲಕ್ಷ ಸೇರಿಸಿದರೆ 89 ಲಕ್ಷ. ಇಂಧನದ ಖರ್ಚು ಸೊನ್ನೆ. ವರ್ಷದಲ್ಲಿ 8,760 ಗಂಟೆಗಳಿವೆ. ಯಂತ್ರ ಎಡೆಬಿಡದೆ ಪೂರ್ಣ ಸಾಮರ್ಥ್ಯದಲ್ಲಿ ದುಡಿದರೆ 87.6 ಲಕ್ಷ ಯೂನಿಟ್ಟುಗಳಾದಾವು. ಗಾಳಿಯೋ ಹಾಗೆ ಬೀಸದು. ಒಳ್ಳೆಯ ಬೆಟ್ಟದ ಮೇಲೆ ಇದರ ನೂರಕ್ಕೆ 30 ಪಾಲು ಕೈಗೆ ಬರುವುದೆನ್ನೋಣ. ಅದು 26.3 ಲಕ್ಷ ಯೂನಿಟ್ಟು. ಖರ್ಚನ್ನು ಇದರಿಂದ ಭಾಗಿಸಿದರೆ ಯೂನಿಟ್ಟಿಗೆ ಸುಮಾರು 3 ರೂಪಾಯಿ 40 ಪೈಸೆ.

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ನಾವು ಕೊಡುವ ಬೆಲೆ ಗಾಳಿಗಲ್ಲ, ಉಕ್ಕು ತಾಮ್ರ ಕಾಂಕ್ರೀಟುಗಳಲ್ಲಿ ಮೊದಲೇ ಹೂಡಿದ ಹಣಕ್ಕೆ. ಕಲ್ಲಿದ್ದಲಿನ ಕೇಂದ್ರ ಇಂಧನವನ್ನು ದಿನದಿನವೂ ಕೊಳ್ಳುತ್ತದೆ. ಗಾಳಿಯಂತ್ರ 25 ವರ್ಷಗಳ ಖರ್ಚನ್ನು ಮೊದಲ ದಿನವೇ ಮುಂಗಡವಾಗಿ ಕಟ್ಟಿಬಿಡುತ್ತದೆ. ಆದುದರಿಂದ ಬಡ್ಡಿಯ ದರವೇ ಇಲ್ಲಿ ಮುಖ್ಯ. ಮೇಲಿನ ಲೆಕ್ಕದಲ್ಲಿ ಬಡ್ಡಿ ನೂರಕ್ಕೆ ಐದಾದರೆ ಯೂನಿಟ್ಟಿನ ಬೆಲೆ 2 ರೂಪಾಯಿ 35 ಪೈಸೆಗೆ ಇಳಿಯುತ್ತದೆ. ಬಡ್ಡಿ ಹತ್ತೇ ಉಳಿದು, ಬಡಗಾಳಿಯ ಸ್ಥಳದಲ್ಲಿ ನೂರಕ್ಕೆ 20 ಪಾಲು ಮಾತ್ರ ದೊರೆತರೆ 5 ರೂಪಾಯಿಯನ್ನು ದಾಟುತ್ತದೆ. ನಮ್ಮ ಅಂಕಿಗಳು ಗಾಳಿಗೋಪುರವಲ್ಲವೆಂಬುದಕ್ಕೆ ಸಾಕ್ಷ್ಯವಿದೆ. 2017ರ ಫೆಬ್ರವರಿಯಲ್ಲಿ ನಡೆದ ರಾಷ್ಟ್ರಮಟ್ಟದ ಹರಾಜಿನಲ್ಲಿ ಯೂನಿಟ್ಟಿನ ದರ 3 ರೂಪಾಯಿ 46 ಪೈಸೆಗೆ ನಿಂತಿತು. ಅದೇ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 2 ರೂಪಾಯಿ 43 ಪೈಸೆಗೆ ಇಳಿಯಿತು. ಅನಂತರ ದರ ಮತ್ತೆ ಏರಿತೆಂಬುದನ್ನೂ ಹೇಳಬೇಕು.

ಇಷ್ಟರಿಂದ ಗಾಳಿ ಗೆದ್ದಿತೆಂದು ಹಲವರು ತೀರ್ಪು ಕೊಟ್ಟುಬಿಡುತ್ತಾರೆ. ನಮಗೆ ಅಷ್ಟು ಆತುರವಿಲ್ಲ. ಯೂನಿಟ್ಟು ಎಷ್ಟಕ್ಕೆ ದೊರೆಯಿತು ಎಂಬುದರ ಜೊತೆಗೆ ಯಾವಾಗ ದೊರೆಯಿತು ಎಂಬುದನ್ನೂ ಕೇಳಬೇಕು. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡ ಮೊದಲಾದೆಡೆ ನಿಂತಿರುವ ಯಂತ್ರಗಳು ಮುಂಗಾರಿನ ತಿಂಗಳುಗಳಲ್ಲಿ ಭರದಿಂದ ತಿರುಗುತ್ತವೆ. ಕರ್ನಾಟಕದಲ್ಲಿ ವಿದ್ಯುತ್ತಿಗೆ ಹಾಹಾಕಾರವೇಳುವುದಾದರೋ ಪಂಪುಸೆಟ್ಟುಗಳೂ ಫ್ಯಾನುಗಳೂ ಒಟ್ಟಿಗೆ ಓಡುವ ಬೇಸಗೆಯಲ್ಲಿ. ಆಗ ಗಾಳಿ ಮಂದ. ಸಾವಿರ ಮೆಗಾವ್ಯಾಟಿನ ಗಾಳಿಯಂತ್ರಗಳನ್ನು ನಿಲ್ಲಿಸಿದ ಮಾತ್ರಕ್ಕೆ ಅಷ್ಟೇ ಸಾಮರ್ಥ್ಯದ ಉಷ್ಣವಿದ್ಯುತ್ ಕೇಂದ್ರಕ್ಕೆ ಬೀಗ ಹಾಕುವಂತಿಲ್ಲ. ಗಾಳಿ ಉಳಿಸುವುದು ಕಲ್ಲಿದ್ದಲನ್ನು. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲೆಂದರೂ ನಮ್ಮ ಒಂದೇ ಯಂತ್ರ ವರ್ಷಕ್ಕೆ ಸುಮಾರು 1,800 ಟನ್ನನ್ನು ಉಳಿಸುತ್ತದೆ. ಕಲ್ಲಿದ್ದಲಿನ ಗಣಿಯೇ ಇಲ್ಲದ, ರಾಯಚೂರಿನ ಒಲೆಗಳಿಗೆ ಹೊರಗಿನಿಂದ ರೈಲಿನಲ್ಲಿ ತರಿಸಿಕೊಳ್ಳುವ ನಮ್ಮ ರಾಜ್ಯಕ್ಕೆ ಇದು ಅಲ್ಪವಲ್ಲ. ಇಂಗಾಲದ ಡೈಆಕ್ಸೈಡಿನ ಮಾತು ಬೇರೆ. ಆದರೆ ಒಲೆ ಆರಿದ್ದಾಗಲೂ ಆ ಕೇಂದ್ರದ ಸಾಲದ ಕಂತು ನಿಲ್ಲುವುದಿಲ್ಲ. ಆ ಖರ್ಚು ಗಾಳಿಯಂತ್ರದ ಬಿಲ್ಲಿನಲ್ಲಿ ಕಾಣಿಸದಿದ್ದರೂ ನಾಡಿನ ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ಲಾರಿ, ಸಿಮೆಂಟು, ಉಕ್ಕುಗಳು ನುಂಗುವ ಎಣ್ಣೆ ಕಲ್ಲಿದ್ದಲುಗಳ ಲೆಕ್ಕ ಇನ್ನೂ ಬೇರೆಯೇ ಇದೆ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಡೆನ್ಮಾರ್ಕಿಗೆ ಈ ತೊಡಕಿನಲ್ಲಿ ನೆರವಾದುದು ನೆರೆಯ ನಾರ್ವೆ. 1970ರ ದಶಕದಿಂದ ಸಮುದ್ರದ ತಳದಲ್ಲಿ ಹಾಯಿಸಿದ ಕೇಬಲುಗಳು ಎರಡನ್ನೂ ಕೂಡಿಸಿವೆ. ಗಾಳಿ ಹೆಚ್ಚಾದಾಗ ಡೆನ್ಮಾರ್ಕಿನ ವಿದ್ಯುತ್ತು ನಾರ್ವೆಗೆ ಹರಿಯುತ್ತದೆ; ಅಲ್ಲಿಯ ಜಲಾಶಯಗಳ ನೀರು ಅಷ್ಟರಮಟ್ಟಿಗೆ ಉಳಿದು, ಗಾಳಿ ಬಿದ್ದಾಗ ವಿದ್ಯುತ್ತಾಗಿ ಮರಳುತ್ತದೆ. ನಮ್ಮಲ್ಲಿ ಈ ನಂಟು ಒಂದೇ ರಾಜ್ಯದೊಳಗಿದೆ. ಮುಂಗಾರಿನಲ್ಲಿ ಕಪ್ಪತಗುಡ್ಡದ ಯಂತ್ರಗಳು ತಿರುಗುವಾಗ ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲಿ ಹಿಡಿದಿಟ್ಟು ಬೇಸಗೆಗೆ ಬಳಸಬಹುದು. ಆದರೆ ಕಟ್ಟೆ ತುಂಬಿದ ವರ್ಷ ಹಿಡಿದಿಡಲು ಜಾಗವೇ ಉಳಿದಿರುವುದಿಲ್ಲ. ಕೆಳಗಿನ ನೀರನ್ನು ಪಂಪು ಮಾಡಿ ಮೇಲಕ್ಕೆ ಏರಿಸುವುದು ಇನ್ನೊಂದು ಉಪಾಯ. ಏರಿಸಲು 100 ಯೂನಿಟ್ಟು ವ್ಯಯಿಸಿದರೆ ಮರಳಿ ಬರುವುದು 80ಕ್ಕಿಂತ ಹೆಚ್ಚಿರದು. 3 ರೂಪಾಯಿ 40 ಪೈಸೆಯ ಯೂನಿಟ್ಟು, ಪಂಪಿನ ಮತ್ತು ಕಟ್ಟೆಯ ಬಡ್ಡಿ ಸೇರುವ ಮೊದಲೇ, 4 ರೂಪಾಯಿ 25 ಪೈಸೆಯಾಗುತ್ತದೆ. ಶರಾವತಿ ಕಣಿವೆಯಲ್ಲಿ ಯೋಜಿಸಿರುವ ಇಂಥ ಕಾಮಗಾರಿಯ ಸ್ಥಳ ಸಿಂಗಳೀಕಗಳ ಅಭಯಾರಣ್ಯಕ್ಕೆ ಸೇರಿದ್ದು. ಆ ಬೆಲೆಯನ್ನು ಯಾವ ಅಂಕಣದಲ್ಲಿ ಬರೆಯಬೇಕೆಂದು ನಮ್ಮ ಬಡ್ಡಿಯ ಕೋಷ್ಟಕ ಹೇಳುವುದಿಲ್ಲ.

ಬ್ಯಾಟರಿಗಳ ಬೆಲೆ ಇತ್ತೀಚಿನ ವರ್ಷಗಳಲ್ಲಿ ಬಹಳ ಇಳಿದಿದೆಯಲ್ಲ ಎಂದು ಕೇಳಬಹುದು. ಮಧ್ಯಾಹ್ನದ ಗಾಳಿಯನ್ನು ರಾತ್ರಿ ಒಂಬತ್ತು ಗಂಟೆಯವರೆಗೆ ಕೂಡಿಡುವುದಕ್ಕೆ ಅವು ತಕ್ಕವೇ. ಆಷಾಢದ ಗಾಳಿಯನ್ನು ಚೈತ್ರಕ್ಕೆ ಕೂಡಿಡುವುದಾದರೆ ಮತ್ತೆ ಅದೇ ಭಾಗಾಕಾರ ಎದುರಾಗುತ್ತದೆ. ವರ್ಷಕ್ಕೆ 300 ಬಾರಿ ತುಂಬಿ ಬರಿದುಮಾಡುವ ಬ್ಯಾಟರಿಯ ಕಂತನ್ನು 300 ಪಾಲಾಗಿ ಹಂಚಬಹುದು; ವರ್ಷಕ್ಕೊಮ್ಮೆ ಮಾತ್ರ ಬಳಸುವ ಬ್ಯಾಟರಿಯ ಕಂತಷ್ಟೂ ಒಂದೇ ಪಾಲಿನ ಮೇಲೆ ಬೀಳುತ್ತದೆ.