ಸಣ್ಣ ಟ್ರ್ಯಾಕ್ಟರಿನ ಕುಂಟೆಯ ಕುಡ: ಅದರ ಜೋಪಾಸನೆ

ಎರೆಸೀಮೆಯ ಒಕ್ಕಲುತನದಲ್ಲಿ ಕುಂಟೆಗಿರುವಷ್ಟು ಕೆಲಸವು ಮತ್ತಾವ ಸಾಧನಕ್ಕೂ ಇಲ್ಲ. ಗದಗ-ಬೆಟಗೇರಿಯ ಸುತ್ತಲಿನ ಹೊಲಗಳಿಗೆ ರಂಟೆಯನ್ನು ಕೆಲವು ವರ್ಷಗಳಿಗೊಮ್ಮೆ ಹೂಡುವವರುಂಟು. ಕುಂಟೆ ಹೊಡೆಯದೆ ಬಿತ್ತುವವರು ವಿರಳ. ಹೆಸರಿನ ಪೀಕು ತೆಗೆದ ಮೇಲೆ ಹಿಂಗಾರಿ ಜೋಳಕ್ಕೂ ಕಡಲೆಗೂ ನೆಲವನ್ನು ಅಣಿಗೊಳಿಸುವುದು, ಕಸವನ್ನು ಬುಡದಲ್ಲಿ ಕತ್ತರಿಸುವುದು, ಬಿರುಕುಗಳನ್ನು ಮುಚ್ಚುವುದು, ಮೇಲಣ ಎರಡಂಗುಲ ಮಣ್ಣನ್ನು ಸಡಿಲಿಸಿ ಕೆಳಗಿನ ಹಸಿಯು ಆರದಂತೆ ಹೊದಿಕೆಯನ್ನುಂಟುಮಾಡುವುದು, ಇವೆಲ್ಲವೂ ಕುಂಟೆಯ ಕೆಲಸಗಳೇ. ೧೯೩೩ರಿಂದ ಸೊಲ್ಲಾಪುರ, ವಿಜಾಪುರಗಳಲ್ಲಿ ನಡೆದ ಒಣಬೇಸಾಯದ ಸಂಶೋಧನೆಯಲ್ಲಿಯೂ ಒಡ್ಡು ಹಾಕುವುದರ ಸಂಗಡ ಮೇಲ್ಮಣ್ಣನ್ನು ಸಡಿಲಿಸಿ ಹಸಿಯನ್ನು ಕಾಯುವ ಈ ಕ್ರಮಕ್ಕೆ ಮುಖ್ಯ ಸ್ಥಾನ ದೊರೆಯಿತು. ವರ್ಷಕ್ಕೆ ೬೦೦ ಮಿಲಿಮೀಟರಿಗಿಂತ ತುಸುವೇ ಹೆಚ್ಚು ಮಳೆ ಬೀಳುವ ಈ ನಾಡಿನಲ್ಲಿ ಭೂಮಿಯೊಳಗೆ ಉಳಿದ ಹಸಿಯೇ ಹಿಂಗಾರಿಯ ಬೆಳೆ.

ಈಗ ಎತ್ತುಗಳು ಕಡಿಮೆಯಾಗಿ, ಸಣ್ಣ ಟ್ರ್ಯಾಕ್ಟರುಗಳು ಕುಂಟೆಯನ್ನೆಳೆಯುತ್ತಿವೆ. ಕೆಲಸವು ಬೇಗನೆ ಮುಗಿಯುವುದು ನಿಜ. ಆದರೆ ಎತ್ತಿನ ಕಾಲದಲ್ಲಿ ಕುಡವು ಮೊಂಡಾದರೆ ಎತ್ತುಗಳೇ ಅದನ್ನು ತಿಳಿಸುತ್ತಿದ್ದವು. ನಾಲ್ಕು ಸಾಲು ಹೋಗುವಷ್ಟರಲ್ಲಿ ಏದುಸಿರು ಬಿಟ್ಟು ನಿಲ್ಲುತ್ತಿದ್ದವು. ಒಕ್ಕಲಿಗನು ಮರುದಿನ ಬೆಳಗಿಗೇ ಕುಡವನ್ನು ಕಂಬಾರನಲ್ಲಿಗೆ ಒಯ್ಯುತ್ತಿದ್ದನು. ಯಂತ್ರಕ್ಕೆ ಈ ಬಗೆಯ ಬಾಯಿ ಇಲ್ಲ. ಮೊಂಡು ಕುಡವನ್ನೂ ಅದು ಎಳೆದುಕೊಂಡೇ ಹೋಗುವುದು. ಡೀಸೆಲು ಹೆಚ್ಚು ಉರಿಯುವುದು, ಗಾಲಿ ಜಾರುವುದು, ಹೊಲದ ಕೆಲಸ ಮಾತ್ರ ಕೆಡುವುದು. ಮೊಂಡು ಅಂಚು ಕರಿಕೆಯನ್ನೂ ಜೇಕನ್ನೂ ಕತ್ತರಿಸದೆ ಬಾಗಿಸಿ ಮುಂದೆ ಸಾಗುವುದು. ಹಸಿ ಎರೆಯಲ್ಲಿ ಅದು ಮಣ್ಣನ್ನು ಸೀಳುವ ಬದಲು ಒರೆಸಿ, ಕೆಳಗೆ ಗಚ್ಚಿನಂತೆ ನುಣುಪಾದ ಪದರವನ್ನುಂಟುಮಾಡುವುದು. ಎಳೆಯ ಬೇರು ಅಲ್ಲಿ ತಡೆಯುವುದು.

ಮತ್ತೊಂದು ಕಾರಣವನ್ನೂ ಹೇಳಬೇಕು. ಹಿಂದೆ ಕಂಬಾರನು ಊರ ಆಯಗಾರನಾಗಿದ್ದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳಿನ ರೂಪದಲ್ಲಿ ತನ್ನ ಆಯವನ್ನು ಪಡೆಯುತ್ತಿದ್ದನು. ಕುಡ ಹಣಿಸುವುದಕ್ಕೆ ಸಲಸಲಕ್ಕೆ ಹಣ ಕೊಡುವ ಪ್ರಸಂಗವಿರಲಿಲ್ಲ. ಆ ಕಟ್ಟಳೆ ಬಹುಮಟ್ಟಿಗೆ ನಿಂತುಹೋಗಿರುವುದರಿಂದ, ಒಂದು ಬಾರಿ ಹಣಿಸಲು ಕೊಡಬೇಕಾದ ಹಣವನ್ನು ನೆನೆದು ಜಮೀನುದಾರರು ‘ಇನ್ನೆರಡು ದಿನ ನಡೆಯಲಿ’ ಎನ್ನುವರು. ಆ ಎರಡು ದಿನಗಳಲ್ಲಿ ಉರಿಯುವ ಡೀಸೆಲಿನ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಕುಡವನ್ನು ಪರೀಕ್ಷಿಸುವ ಮೊದಲು ಕುಂಟೆಯನ್ನು ನೆಲಕ್ಕಿಳಿಸಿ, ಯಂತ್ರವನ್ನು ನಿಲ್ಲಿಸಿ, ಕೀಲಿಯನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಎತ್ತಿ ನಿಲ್ಲಿಸಿದ ಕುಂಟೆಯ ಕೆಳಗೆ ಮರದ ದಿಮ್ಮಿಯ ಆಸರೆಯಿಲ್ಲದೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಬಾರದು. ಎಣ್ಣೆಯ ಒತ್ತಡವು ಇಳಿದರೆ ಕುಂಟೆಯು ಒಮ್ಮೆಲೆ ಕೆಳಗೆ ಬೀಳುವುದು. ಬಳಿಕ ಅಂಚಿನ ಕೆಳಮೈಯನ್ನು ನೋಡಬೇಕು. ಮೇಲಿನಿಂದ ಹರಿತವಾಗಿ ಕಂಡರೂ ಕೆಳಮೈ ಸವೆದು ದುಂಡಗಾಗಿದ್ದರೆ ಆ ಕುಡವು ನೆಲವನ್ನು ಕಚ್ಚದೆ ಮೇಲಕ್ಕೇಳುವುದು. ಚಾಲಕರು ಆಗ ಕುಂಟೆಯ ಮೇಲೆ ಕಲ್ಲು ಹೇರುವುದುಂಟು. ಇದು ರೋಗವನ್ನು ಬಿಟ್ಟು ನೋವಿಗೆ ಪಟ್ಟಿ ಕಟ್ಟಿದಂತೆ. ಇಳಿಜಾರನ್ನು ಮೇಲ್ಮೈಗೆ ಕೊಟ್ಟು ಕೆಳಮೈಯನ್ನು ಸಮವಾಗಿರಿಸಿದರೆ ಕಲ್ಲಿನ ಅಗತ್ಯವೇ ಬೀಳುವುದಿಲ್ಲ.

ಹಣಿಸುವುದರಲ್ಲಿ ಕಬ್ಬಿಣದ ಜಾತಿಯನ್ನು ತಿಳಿಯುವುದು ಮೊದಲ ಕೆಲಸ. ಸಾಣೆಯ ಚಕ್ರಕ್ಕೆ ಹಿಡಿದಾಗ ಕಿಡಿಗಳು ಉದ್ದವಾಗಿ ನೇರವಾಗಿ ಹಾರಿದರೆ ಅದು ಮೆತ್ತನೆಯ ಕಬ್ಬಿಣ. ಕವಲೊಡೆದು ಹೂವಿನಂತೆ ಚದರಿದರೆ ಉಕ್ಕು. ಮೆತ್ತನೆಯ ಕಬ್ಬಿಣಕ್ಕೆ ಎಷ್ಟು ನೀರು ಕುಡಿಸಿದರೂ ಗಡಸು ಬರುವುದಿಲ್ಲ. ಲಾರಿಯ ಹಳೆಯ ಕಮಾನುಪಟ್ಟಿಯಿಂದ ಮಾಡಿದ ಕುಡವು ಉತ್ತಮ ಉಕ್ಕಿನದು. ಆದರೆ ಕೆಂಪಗೆ ಕಾಯಿಸಿ ಹಣಿದ ಮೇಲೆ ಅದನ್ನು ತಣ್ಣೀರಿನಲ್ಲಿ ಅದ್ದಿದರೆ ಸೀಳು ಬಿಡುವ ಭಯವುಂಟು, ಎಣ್ಣೆಯಲ್ಲಿಯೇ ತಣಿಸಬೇಕು. ಅಷ್ಟಕ್ಕೇ ಬಿಟ್ಟರೆ ಅಂಚು ಗಾಜಿನಂತೆ ಬಿರುಸಾಗಿರುವುದು. ಆದುದರಿಂದ ಅಂಚನ್ನು ಉಜ್ಜಿ ಬೆಳ್ಳಗೆ ಮಾಡಿ, ಕುಡದ ಬೆನ್ನನ್ನು ನಿಧಾನವಾಗಿ ಕಾಯಿಸುತ್ತ, ಹೊಂಬಣ್ಣವು ಕಳೆದು ನೀಲಿ ಬಣ್ಣವು ಅಂಚಿಗೆ ತಲುಪಿದಾಗ ಬೆಂಕಿಯಿಂದ ತೆಗೆಯತಕ್ಕದ್ದು. ಬಲ್ಲ ಕಂಬಾರರಿಗೆ ಇದು ಹೊಸದಲ್ಲ. ಅವಸರ ಮಾಡುವ ಗಿರಾಕಿಗಳೇ ಅವರಿಗೆ ಈ ಕೊನೆಯ ಕೆಲಸವನ್ನು ಬಿಡಿಸುವರು. ಯಂತ್ರದ ಸಾಣೆಯನ್ನು ಹಿಡಿಯುವವರು ಅಂಚನ್ನು ಮೇಲಿಂದ ಮೇಲೆ ನೀರಿನಲ್ಲಿ ಅದ್ದುತ್ತಿರಬೇಕು. ಸಾಣೆಯ ಕಾವಿನಿಂದ ಅಂಚು ಕಡುನೀಲಿಗೆ ತಿರುಗಿ ಬೂದಿಬಣ್ಣವಾದರೆ ಅಲ್ಲಿಯ ಗಡಸು ಹೋಯಿತೆಂದೇ ತಿಳಿಯಬೇಕು.

ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಕಪ್ಪತಗುಡ್ಡದ ಸೆರಗಿನ ಮಸಾರಿ ಹೊಲಗಳಲ್ಲಿ ಗರಸು ಹೆಚ್ಚು. ಗರಸು ಕುಡವನ್ನು ಅರದಂತೆ ಉಜ್ಜುವುದು, ಕಲ್ಲು ತಗಲಿದರೆ ಅಂಚು ಹಲ್ಲು ಹಲ್ಲಾಗುವುದು. ಎರೆಯಲ್ಲಿ ಸವೆತ ಕಡಿಮೆ, ಅಂಟು ಹೆಚ್ಚು. ಲಕ್ಷ್ಮೇಶ್ವರದ ಕಡೆಯಂತೆ ಎರಡು ಬಗೆಯ ಭೂಮಿಗಳೂ ಒಬ್ಬನಿಗೇ ಇರುವಲ್ಲಿ ಎರಡು ಕುಡಗಳನ್ನಿಟ್ಟುಕೊಳ್ಳುವುದು ಲೇಸು: ಮಸಾರಿಗೆ ದಪ್ಪ ಅಂಚಿನದು, ಎರೆಗೆ ತೆಳು ಅಂಚಿನದು. ಮಸಾರಿಯ ಕುಡದ ಅಂಚಿಗೆ ಗಡಸು ಲೋಹದ ವೆಲ್ಡಿಂಗ್ ಮಾಡಿಸಬಹುದು. ಉಕ್ಕಿನ ಕುಡವಾದರೆ ಮೊದಲು ಅದನ್ನು ಬಿಸಿ ಮಾಡಿಕೊಳ್ಳದ ಹೊರತು ಬೆಸುಗೆಯ ಪಕ್ಕದಲ್ಲಿ ಸೀಳು ಬರುವುದು. ಅಗಲದಲ್ಲಿ ಮೂರನೆಯ ಒಂದು ಪಾಲು ಸವೆದ ಕುಡವನ್ನು ಹಣಿಸುತ್ತ ಕೂಡುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಮೇಲು.

ಹರಿತವಾದ ಕುಡವನ್ನೂ ಓರೆಯಾಗಿ ಕಟ್ಟಿದರೆ ಉಪಯೋಗವಿಲ್ಲ. ಗಟ್ಟಿಯಾದ ಸಮನೆಲದ ಮೇಲೆ ಕುಂಟೆಯನ್ನಿಳಿಸಿ, ಅಂಚು ಉದ್ದಕ್ಕೂ ಒಂದೇ ಸಮನಾಗಿ ನೆಲಕ್ಕೆ ಹತ್ತುವುದೋ ಎಂಬುದನ್ನು ನೋಡಬೇಕು. ಒಂದು ತಾಳು ಬಾಗಿದ್ದರೆ ಒಂದು ಮಗ್ಗುಲು ಆಳ, ಇನ್ನೊಂದು ಮಗ್ಗುಲು ತೇಲು. ಟ್ರ್ಯಾಕ್ಟರಿನ ಮೇಲಿನ ಜೋಡುದಂಡವನ್ನು ಗಿಡ್ಡ ಮಾಡಿದರೆ ಕುಡದ ಮೂತಿ ಕೆಳಗಾಗಿ ಆಳಕ್ಕಿಳಿಯುವುದು. ಉದ್ದ ಮಾಡಿದರೆ ಮೇಲಾಗುವುದು. ತಾಳಿಗೆ ಕುಡವನ್ನು ಹಿಡಿದ ಬೋಲ್ಟುಗಳನ್ನು ದಿನಾಲು ಬಿಗಿಮಾಡಬೇಕು. ಸಡಿಲಾದ ಬೋಲ್ಟು ತನ್ನ ತೂತನ್ನು ತಾನೇ ದೊಡ್ಡದು ಮಾಡಿಕೊಳ್ಳುವುದು, ಆಮೇಲೆ ಹೊಸ ಬೋಲ್ಟೂ ನಿಲ್ಲದು.

ಎರೆ ಮಣ್ಣು ಕುಡದ ಮೇಲೆ ಆರಿದರೆ ಬಿಡಿಸುವುದು ಕಷ್ಟ. ಅದೇ ಸಂಜೆ ಕಟ್ಟಿಗೆಯ ತುಂಡಿನಿಂದ ಕೆರೆದು, ತೊಳೆದು, ಒರೆಸಿ, ಯಂತ್ರದಿಂದ ತೆಗೆದ ಹಳೆಯ ಎಣ್ಣೆಯನ್ನು ಸವರಿಡತಕ್ಕದ್ದು. ರಸಗೊಬ್ಬರದ ಚೀಲಗಳ ಪಕ್ಕದಲ್ಲಿಯೂ ದನದ ಗಂಜಲ ಹರಿಯುವಲ್ಲಿಯೂ ಕುಡವನ್ನಿಟ್ಟರೆ ಒಂದು ಮಳೆಗಾಲದಲ್ಲಿಯೇ ತುಕ್ಕು ಅದನ್ನು ತಿನ್ನುವುದು. ಸುಗ್ಗಿ ಮುಗಿದ ಮೇಲೆ ಕುಡವನ್ನು ಬಿಚ್ಚಿ ಗೋಡೆಗೆ ತೂಗುಹಾಕುವುದು ಒಳ್ಳೆಯದು.

ಸ್ವಂತ ಯಂತ್ರವಿಲ್ಲದವರು ನೆರೆಯವರಿಂದಾಗಲಿ, ೨೦೧೪-೧೫ರಿಂದ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಿಂದಾಗಲಿ ಬಾಡಿಗೆಗೆ ತರುವರು. ಬಾಡಿಗೆಯ ಟ್ರ್ಯಾಕ್ಟರು ಹೊಲಕ್ಕಿಳಿಯುವ ಮೊದಲು ಕುಡವನ್ನು ನೋಡುವ ಹಕ್ಕು ಹಣ ಕೊಡುವವನಿಗೆ ಇದೆ. ಗಂಟೆಯ ಲೆಕ್ಕದ ಬಾಡಿಗೆಯಲ್ಲಿ ಮೊಂಡು ಕುಡದ ದಂಡವು ಹೊಲದೊಡೆಯನ ಮೇಲೆಯೇ ಬೀಳುವುದು. ಎರಡು ಸಾಲು ಹೊಡೆಸಿ, ಕೆಳಗಿಳಿದು, ಸಡಿಲ ಮಣ್ಣನ್ನು ಕೈಯಿಂದ ಸರಿಸಿ ನೋಡಬೇಕು: ಕಸದ ಬುಡವು ಕತ್ತರಿಸಿದೆಯೋ ಬಾಗಿದೆಯೋ, ತಳವು ಒರಟಾಗಿದೆಯೋ ಹೊಳೆಯುತ್ತಿದೆಯೋ. ಹೊಳೆಯುತ್ತಿದ್ದರೆ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ, ನೆಲವು ಹದಕ್ಕಿಂತ ಹಸಿಯಾಗಿದೆಯೋ ಕುಡವೇ ಮೊಂಡಾಗಿದೆಯೋ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಹೆಸರು ಕಿತ್ತ ದಿನದಿಂದ ಜೋಳ ಬಿತ್ತುವ ತನಕ ದೊರೆಯುವ ಹದವು ಕೆಲವೇ ದಿನಗಳದು, ಆಗ ಎಲ್ಲರ ಕುಡಗಳೂ ಒಮ್ಮೆಲೆ ಕುಲುಮೆಗೆ ಬರುವವು. ಊರ ಹಿರಿಯರು ಮಘೆಯ ಮಳೆಯ ಹೊತ್ತಿಗೇ ಒಂದು ದಿನವನ್ನು ಗೊತ್ತುಮಾಡಿ, ಓಣಿಯ ಕುಡಗಳನ್ನೆಲ್ಲ ಕೂಡಿಸಿ ಕಂಬಾರನಿಗೆ ಒಪ್ಪಿಸಿದರೆ ಅವನಿಗೂ ಇದ್ದಲಿಯು ಉಳಿಯುವುದು, ಹುಬ್ಬೆಯ ಮಳೆ ಬಿದ್ದು ಹೊಲವು ಬೆದೆಗೆ ಬಂದ ದಿನವೇ ಯಂತ್ರವನ್ನು ಹೂಡಲು ಬರುವುದು.